ಮುಂದಿನ ಎರಡು ಚಕ್ರಕ್ಕೆ ಎಷ್ಟು ಕೊಡಬೇಕು?

ನಲವತ್ತು ದಾಟಿದ ಗಂಡಸು ರಿಮೋಟ್ ಟ್ರಕ್ಕಿಗೆ ಮೂವತ್ತು ಸಾವಿರ ಸುರಿದ ಅಂದರೆ ಮನೆಯಲ್ಲಿ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ. ನಮ್ಮಲ್ಲೂ ಆಯಿತು. ಅದು ಹಳೆಯ ಕಥೆ. ಎಫ್‌ಡಿ, ವಿಮೆ, ಗೃಹಸಾಲ ಎಂದು ಬರೆಯುವವನು ಇವತ್ತು ಆ ಟ್ರಕ್ಕನ್ನು ಅಂಕಣಕ್ಕೆ ಎಳೆದು ತಂದಿರುವುದಕ್ಕೆ ಕಾರಣ ಉಡುಪಿಯಲ್ಲಿರುವ ಅಕ್ಕನ ಮಗ. ಕೆಲಸ ಸಿಕ್ಕಿದೆ, ಕೈಯಲ್ಲಿ ಸಂಬಳವಿದೆ, ಆರ್‌ಸಿ ಟ್ರಕ್ಕಿನ ಹುಚ್ಚು ಹಿಡಿದಿದೆ. “ಮಾಮ, ತಗೊಳ್ಳೋದಾದ್ರೆ ಫೋರ್ ವ್ಹೀಲ್ ಡ್ರೈವೇ ಅಲ್ವಾ? ಟೂ ವ್ಹೀಲ್ ಬಡವರದ್ದು” ಅಂದ. ಆ ಕೊನೆಯ ಮಾತು ನನ್ನನ್ನು ಚುಚ್ಚಿತು. ನನ್ನ ಹತ್ತಿರ ಇರುವುದು ಅದೇ.

ಹೊರಗಿನಿಂದ ನೋಡಿದರೆ ಎರಡಕ್ಕೂ ಅಂಥ ವ್ಯತ್ಯಾಸವಿಲ್ಲ. ಟೆಕ್ಸಾಸಿನ ಟ್ರ್ಯಾಕ್ಸಸ್ ಕಂಪನಿಯ ಸ್ಲ್ಯಾಶ್ ಟ್ರಕ್ಕನ್ನೇ ತೆಗೆದುಕೊಳ್ಳಿ. ನಿಜವಾದ ರೇಸಿಂಗ್ ಟ್ರಕ್ಕಿನ ಹತ್ತನೇ ಒಂದರಷ್ಟು ಅಳತೆ. 2008ರಲ್ಲಿ ಟೂ ವ್ಹೀಲ್ ಡ್ರೈವ್ ಆಗಿ ಬಂತು, ಆಮೇಲೆ ಫೋರ್ ವ್ಹೀಲ್ ಬಂತು. ಮೈ ಒಂದೇ ತರಹ, ಟೈರೂ ಹಾಗೇ. ವ್ಯತ್ಯಾಸವೆಲ್ಲ ಹೊಟ್ಟೆಯೊಳಗೆ. ಟೂ ವ್ಹೀಲ್‌ನಲ್ಲಿ ಮೋಟರು ಹಿಂದಿನ ಚಕ್ರಗಳನ್ನಷ್ಟೇ ತಿರುಗಿಸುತ್ತದೆ. ಮುಂದಿನವು ಉರುಳುತ್ತವೆ, ದಾರಿ ತಿರುಗಿಸುತ್ತವೆ, ಅಷ್ಟೇ. ಫೋರ್ ವ್ಹೀಲ್ ಅಂದಕೂಡಲೇ ಮುಂದೆ ಇನ್ನೊಂದು ಡಿಫರೆನ್ಷಿಯಲ್, ನಡುವೆ ಉದ್ದದ ಶಾಫ್ಟು, ಮುಂದಿನ ಚಕ್ರಗಳಿಗೆ ಎರಡು ಆಕ್ಸಲ್, ಇವಕ್ಕೆಲ್ಲ ಬೇರಿಂಗು. ನೀವು ಹೆಚ್ಚಿಗೆ ಕೊಡುವ ಹಣ ಇದಕ್ಕೆ. ನಾನು ವಿಚಾರಿಸಿದಾಗ ಆ ಅಂತರ ಹದಿನೈದು ಸಾವಿರದ ಆಸುಪಾಸಿನಲ್ಲಿತ್ತು.

ಆ ಹದಿನೈದು ಸಾವಿರಕ್ಕೆ ಏನೂ ಸಿಗುವುದಿಲ್ಲ ಎಂದರೆ ಸುಳ್ಳಾಗುತ್ತದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಕ್ರ್ಯಾಂಡನ್ ಎಂಬಲ್ಲಿ ದೊಡ್ಡ ಟ್ರಕ್ಕುಗಳ ಮಣ್ಣಿನ ರೇಸು ನಡೆಯುತ್ತದೆ. ಈ ಆಟದ ಟ್ರಕ್ಕುಗಳು ರೂಪ ಕದ್ದಿರುವುದು ಅಂಥವುಗಳಿಂದಲೇ. ಅಲ್ಲಿ ಎರಡು ಚಕ್ರ ಎಳೆಯುವ ಪ್ರೊ-2 ಮತ್ತು ನಾಲ್ಕೂ ಎಳೆಯುವ ಪ್ರೊ-4 ಟ್ರಕ್ಕುಗಳನ್ನು ಒಂದೇ ರೇಸಿಗೆ ಇಳಿಸಿದಾಗ ಪ್ರೊ-2ಗಳನ್ನು ಸ್ವಲ್ಪ ಮುಂಚೆ ಬಿಡುತ್ತಾರೆ. ಸಡಿಲ ಮಣ್ಣಿನಲ್ಲಿ ಯಾವುದು ಮೇಲು ಎಂದು ರೇಸು ನಡೆಸುವವರೇ ಒಪ್ಪಿಕೊಂಡ ಹಾಗಾಯಿತು.

ನಾನು ಓಡಿಸುವುದು ಯಲಹಂಕದ ಆಚೆ, ಇನ್ನೂ ಮನೆ ಏಳದ ಒಂದು ಲೇಔಟಿನಲ್ಲಿ. ಬೇಸಿಗೆಯಲ್ಲಿ ಗಟ್ಟಿ ಕೆಮ್ಮಣ್ಣು, ನಡುನಡುವೆ ಡಾಂಬರು. ಇಂಥ ನೆಲಕ್ಕೆ ಟೂ ವ್ಹೀಲ್ ಧಾರಾಳ ಸಾಕು. ತಿರುವಿನಲ್ಲಿ ಜೋರಾಗಿ ಥ್ರಾಟಲ್ ಒತ್ತಿದರೆ ಹಿಂಭಾಗ ಜಾರಿ ಗಾಡಿ ಬುಗುರಿಯಾಗುತ್ತದೆ, ನಿಜ. ಬೆರಳನ್ನು ಹಿಡಿತದಲ್ಲಿಡುವುದನ್ನು ಅದೇ ಕಲಿಸುತ್ತದೆ. ನನಗಂತೂ ಆಟದ ಅರ್ಧ ಮಜಾ ಅಲ್ಲೇ. ನಮ್ಮ ಅಪಾರ್ಟ್‌ಮೆಂಟಿನ ಗೆಳೆಯರೊಬ್ಬರ ಫೋರ್ ವ್ಹೀಲ್ ಅದೇ ತಿರುವನ್ನು ಹಳಿಯ ಮೇಲಿದ್ದಂತೆ ದಾಟುತ್ತದೆ. ನೋಡಲು ಚಂದ. ಆದರೆ ಅವರ ಗಾಡಿ ಕಲ್ಲಿಗೆ ಮೂತಿ ಹೊಡೆದಾಗ ಬಿಚ್ಚುವ ಕೆಲಸವೂ ದುಪ್ಪಟ್ಟು. ಮುಂಭಾಗಕ್ಕೆ ಪೆಟ್ಟು ಬಿದ್ದರೆ ನನ್ನದರಲ್ಲಿ ಸಾಮಾನ್ಯವಾಗಿ ಒಂದು ಪ್ಲಾಸ್ಟಿಕ್ ಆರ್ಮ್ ಮುರಿಯುತ್ತದೆ. ಹೊಸದು ಹಾಕಿ ಸ್ಕ್ರೂ ತಿರುಗಿಸಿದರೆ ಮುಗಿಯಿತು. ಅವರದರಲ್ಲಿ ಆರ್ಮಿನ ಜೊತೆ ಆಕ್ಸಲ್ ಬಾಗಿದೆಯೇ, ಡಿಫರೆನ್ಷಿಯಲ್ಲಿನ ಹಲ್ಲು ಸವೆದಿದೆಯೇ ಎಂದು ಒಂದೊಂದನ್ನೂ ನೋಡಬೇಕು.

ಕಂಪನಿಯ ಬಿಡಿಭಾಗವನ್ನು ಹೊರದೇಶದಿಂದ ತರಿಸಿದರೆ ಅದರ ಬೆಲೆಗಿಂತ ಕೊರಿಯರ್, ತೆರಿಗೆಯೇ ಕೆಲವೊಮ್ಮೆ ಜಾಸ್ತಿ. ಇಡೀ ಗಾಡಿಯ ಬೆಲೆಯ ಮೇಲೂ ಇದರ ನೆರಳಿದೆ. ಆಟಿಕೆಗಳ ಆಮದು ಸುಂಕವನ್ನು ಕೇಂದ್ರ ಸರ್ಕಾರ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿತು. ಚನ್ನಪಟ್ಟಣದ ಗೊಂಬೆ ಮಾಡುವವರಿಗೆ ಅದರಿಂದ ಒಳ್ಳೆಯದಾಗಿದ್ದರೆ ಸಂತೋಷ. ಇಂಥ ಟ್ರಕ್ಕಿನ ಹುಚ್ಚಿನವರ ಜೇಬಿಗೆ ಮಾತ್ರ ಭಾರವೇ.

ಈಗ ಆ ಹದಿನೈದು ಸಾವಿರದ ವಿಷಯಕ್ಕೆ ಬರೋಣ. ನಾನು ಅದನ್ನು ಮುಂದಿನ ಚಕ್ರಗಳಿಗೆ ಕೊಡದೆ ಎರಡನೇ ಬ್ಯಾಟರಿಗೆ, ಒಂದು ಒಳ್ಳೆಯ ಬ್ಯಾಲೆನ್ಸ್ ಚಾರ್ಜರಿಗೆ, ಒಂದಿಷ್ಟು ಆರ್ಮು, ಗೇರುಗಳಿಗೆ ಹಾಕಿದೆ. ಅಷ್ಟಾದ ಮೇಲೂ ಕೈಯಲ್ಲಿ ಸ್ವಲ್ಪ ಉಳಿಯಿತು. ಮೊದಲ ಸಲ ಕೊಳ್ಳುವವರು ಗಮನಿಸದ ಜಾಗ ಇದು. ಒಂದು ಬ್ಯಾಟರಿಯಲ್ಲಿ ಟ್ರಕ್ಕು ಓಡುವುದು ಇಪ್ಪತ್ತು ನಿಮಿಷ, ಹೆಚ್ಚೆಂದರೆ ಅರ್ಧ ಗಂಟೆ. 5000 ಎಂಎಎಚ್‌ನ ಲಿಪೊ ಬ್ಯಾಟರಿಯನ್ನು 5 ಆಂಪಿಯರ್‌ನಲ್ಲಿ ಚಾರ್ಜ್ ಮಾಡಲು ಸುಮಾರು ಒಂದು ಗಂಟೆ ಬೇಕು. ಪೆಟ್ಟಿಗೆಯ ಜೊತೆ ಬರುವ ಸಣ್ಣ ಚಾರ್ಜರಿನಲ್ಲಾದರೆ ಇನ್ನೂ ಹೊತ್ತು. ಎರಡನೇ ಬ್ಯಾಟರಿ ಇದ್ದವನಿಗೆ ಭಾನುವಾರದ ಬೆಳಗಿನ ಆಟ ಇಮ್ಮಡಿ; ಮುಂದಿನ ಚಕ್ರಗಳು ಎಳೆದರೆ ಆಟ ಒಂದು ನಿಮಿಷವೂ ಹೆಚ್ಚುವುದಿಲ್ಲ. ಅದೇ ಮೋಟರು, ಅದೇ ಬ್ಯಾಟರಿಯಾದರೆ ಫೋರ್ ವ್ಹೀಲ್ ಬೇಗನೇ ಚಾರ್ಜು ಮುಗಿಸುತ್ತದೆ, ಯಾಕೆಂದರೆ ತೂಕ ಹೆಚ್ಚು, ತಿರುಗಿಸಬೇಕಾದ ಭಾಗಗಳೂ ಹೆಚ್ಚು.

ಲಿಪೊ ಬಗ್ಗೆ ಇನ್ನೆರಡು ಮಾತು, ಇದರಲ್ಲೂ ದುಡ್ಡಿದೆ. ಪೂರ್ತಿ ಚಾರ್ಜ್ ಆದಾಗ ಒಂದು ಸೆಲ್ಲಿನಲ್ಲಿ 4.2 ವೋಲ್ಟ್ ಇರುತ್ತದೆ. ಹಾಗೇ ವಾರಗಟ್ಟಲೆ ಬಿಟ್ಟರೆ ಆಯುಸ್ಸು ಕಡಿಮೆಯಾಗುತ್ತದೆ, ಊದಿಕೊಳ್ಳಲೂಬಹುದು. ಎತ್ತಿಡುವಾಗ 3.8 ವೋಲ್ಟಿನ ಹತ್ತಿರಕ್ಕೆ ಇಳಿಸಬೇಕು. ಒಳ್ಳೆಯ ಚಾರ್ಜರಿನಲ್ಲಿ ಅದಕ್ಕೆಂದೇ ಒಂದು ಆಯ್ಕೆ ಇರುತ್ತದೆ. ಊದಿದ್ದನ್ನು ಮತ್ತೆ ಚಾರ್ಜಿಗೆ ಹಾಕಬಾರದು, ಬೆಂಕಿ ಹತ್ತೀತು. ಅಮೆರಿಕದಿಂದ ಬರುವ ನೆಂಟರ ಕೈಯಲ್ಲಿ ತರಿಸುವವರಿಗೆ: ಬಿಡಿ ಬ್ಯಾಟರಿಯನ್ನು ಚೆಕ್-ಇನ್ ಸೂಟ್‌ಕೇಸಿನಲ್ಲಿ ಹಾಕುವಂತಿಲ್ಲ, ಕೈಚೀಲದಲ್ಲೇ ತರಬೇಕು. 7.4 ವೋಲ್ಟಿನ 5000 ಎಂಎಎಚ್ ಬ್ಯಾಟರಿ 37 ವ್ಯಾಟ್-ಅವರ್ ಆಗುತ್ತದೆ. 100ರ ಮಿತಿಯೊಳಗೇ ಇದೆ.

ಬ್ರಷ್‌ಲೆಸ್ ಮೋಟರು ಇನ್ನೊಂದು ಆಮಿಷ. ವೇಗ ಹೆಚ್ಚು, ಸವೆಯುವ ಬ್ರಷ್ಷುಗಳೂ ಇಲ್ಲ. ಆದರೆ ಸಡಿಲ ಮಣ್ಣಿನಲ್ಲಿ ಟೂ ವ್ಹೀಲ್‌ಗೆ ಅಷ್ಟು ಶಕ್ತಿ ಕೊಟ್ಟರೆ ಟೈರು ಇದ್ದಲ್ಲೇ ಗಿರಗಿರ ತಿರುಗುತ್ತದೆಯೇ ಹೊರತು ಗಾಡಿ ಮುಂದೆ ಹೋಗುವುದಿಲ್ಲ. ಬ್ರಷ್‌ಲೆಸ್ ಬೇಕೇ ಬೇಕು ಅನ್ನುವವರು ನಾಲ್ಕು ಚಕ್ರದ ಲೆಕ್ಕವನ್ನೂ ಜೊತೆಗೇ ಹಾಕಲಿ. ಮೊದಲು ಟೂ ವ್ಹೀಲ್ ತಗೊಂಡು ಆಮೇಲೆ ಫೋರ್ ವ್ಹೀಲ್ ಮಾಡಿಸಿದರಾಯಿತು ಎಂದು ಮಾತ್ರ ನಂಬಬೇಡಿ. ಎರಡರ ಚಾಸಿಯೇ ಬೇರೆ. ಒಂದನ್ನು ಮಾರಿ ಇನ್ನೊಂದನ್ನು ಕೊಳ್ಳುವುದು ಅಗ್ಗ. ಮಾರುವಾಗ ಹಳೆಯ ಬ್ಯಾಟರಿಗೆ ಯಾರೂ ಬಿಡಿಗಾಸು ಕೊಡುವುದಿಲ್ಲ ಅನ್ನುವುದು ನೆನಪಿರಲಿ.

ಇಷ್ಟೆಲ್ಲ ಕೇಳಿಸಿಕೊಂಡ ಅಳಿಯ, “ಹಾಗಾದ್ರೆ ನಾನೂ ಟೂ ವ್ಹೀಲೇ ತಗೊಳ್ಳಲಾ?” ಅಂದ. ಬೇಡ ಅಂದೆ. ಅವನ ನೆಲ ಬೇರೆ. ಜೂನಿನಿಂದ ನಾಲ್ಕು ತಿಂಗಳು ಒದ್ದೆ ಹುಲ್ಲು, ಜಾರುವ ಪಾಚಿ. ಮಳೆ ನಿಂತ ಮೇಲೆ ಅವನ ಸ್ನೇಹಿತರು ಹೋಗುವುದು ಮಲ್ಪೆಯ ಮರಳಿಗೆ, ಅಲ್ಲಿ ನನ್ನ ಗಾಡಿಯಾದರೆ ಹಿಂದಿನ ಚಕ್ರ ಗುಂಡಿ ತೋಡಿಕೊಂಡು ಕೂರುತ್ತದೆ. ಅವನಿಗೆ ಬೇಕಾದದ್ದು ಫೋರ್ ವ್ಹೀಲ್, ಬ್ರಷ್ ಮೋಟರಿನದು. ಬ್ರಷ್‌ಲೆಸ್ಸಿಗೆ ಕೊಡಬೇಕಿದ್ದ ಹಣದಲ್ಲಿ ಎರಡನೇ ಬ್ಯಾಟರಿ. ಅಲೆ ಬರುವ ಅಂಚಿಗೆ ಮಾತ್ರ ಬಿಡಬಾರದು. ಉಪ್ಪುನೀರು ಬೇರಿಂಗುಗಳನ್ನು ತುಕ್ಕು ಹಿಡಿಸುತ್ತದೆ, ಫೋರ್ ವ್ಹೀಲ್‌ನಲ್ಲಿ ಬೇರಿಂಗುಗಳೇ ಹೆಚ್ಚು.

ನೀವೂ ಕೊಳ್ಳುವ ಯೋಚನೆಯಲ್ಲಿದ್ದರೆ ಹಣ ಕೊಡುವ ಮುಂಚೆ ಅಂಗಡಿಯವರನ್ನು ಒಂದು ಮಾತು ಕೇಳಿ: ಈ ಗಾಡಿಯ ಮುಂದಿನ ಆರ್ಮು, ಸ್ಪರ್ ಗೇರು ಇವತ್ತು ನಿಮ್ಮಲ್ಲಿ ಇದೆಯೇ, ಎಷ್ಟು? ತೆಗೆದು ತೋರಿಸಿದರೆ ಕೊಳ್ಳಿ. “ಆರ್ಡರ್ ಹಾಕಿದ್ರೆ ತರಿಸಿಕೊಡ್ತೀವಿ ಸಾರ್” ಅಂದರೆ ಇನ್ನೊಂದು ಅಂಗಡಿ ನೋಡಿ.