ಜಾವಾ: ರೆಫರೆನ್ಸ್ ಚರಗಳು ಮತ್ತು ಎನ್‌ಕ್ಯಾಪ್ಸುಲೇಷನ್ನಿನ ರಕ್ಷಣೆ

ತಿಪಟೂರಿನ ಕೃಷಿ ಉತ್ಪನ್ನ ಮಾರುಕಟ್ಟೆಗೆ ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆಯಿಂದ ಬರುವ ಉಂಡೆ ಕೊಬ್ಬರಿಯ ಲೆಕ್ಕವಿಡಲು ‘ಲಾಟ್’ ಎಂಬ ಕ್ಲಾಸೊಂದನ್ನು ರಚಿಸಿ, ಅದರೊಳಗೆ ಚೀಲಗಳ ತೂಕದ ಅರೇಯನ್ನು ಪ್ರೈವೇಟ್ ಎಂದು ಘೋಷಿಸಿದೆವೆಂದು ಭಾವಿಸೋಣ. ಇಷ್ಟರಿಂದಲೇ ಎನ್‌ಕ್ಯಾಪ್ಸುಲೇಷನ್ ಸಿದ್ಧಿಸಿತೆಂದು ನಂಬುವವರು ಅನೇಕರು. ವಸ್ತುತಃ ಪ್ರೈವೇಟ್ ಎಂಬುದು ಚರವನ್ನು ಮಾತ್ರ ಕಾಯುವುದೇ ಹೊರತು, ಆ ಚರವು ನಿರ್ದೇಶಿಸುವ ಆಬ್ಜೆಕ್ಟನ್ನಲ್ಲ. ಜಾವಾದಲ್ಲಿ ಅರೇ ಕೂಡ ಆಬ್ಜೆಕ್ಟೇ ಆದುದರಿಂದ ಗೆಟರ್ ಮೆಥಡ್ ಹಿಂದಿರುಗಿಸುವುದು ಅದರ ರೆಫರೆನ್ಸನ್ನು. ಅದನ್ನು ಪಡೆದ ಹೊರಗಿನ ಕೋಡ್ ಮೊದಲ ಚೀಲದ 50 ಕಿಲೋವನ್ನು 40 ಎಂದು ತಿದ್ದಿದೊಡನೆ, ಯಾವ ತಪಾಸಣೆಗೂ ಒಳಗಾಗದೆ, ಲಾಟಿನೊಳಗಿನ ತೂಕವೂ 40 ಆಗಿಬಿಡುತ್ತದೆ. ಬೆಳೆಗಾರನ ಹಣ ಆ ಒಂದು ಅಂಕಿಯನ್ನೇ ಅವಲಂಬಿಸಿರುವಾಗ ಇದು ಅಲ್ಪದೋಷವಲ್ಲ. ಫೈನಲ್ ಎಂದು ಬರೆದರೂ ಪ್ರಯೋಜನವಿಲ್ಲ. ಅದು ಮರುನಿಯೋಜನೆಯನ್ನಷ್ಟೇ ತಡೆಯುತ್ತದೆ.

ಪರಿಹಾರವೆಂದರೆ ರಕ್ಷಣಾತ್ಮಕ ಪ್ರತಿ: ಗೆಟರ್ ಮೂಲ ಅರೇಯನ್ನು ಕೊಡದೆ ಅದರ ಕ್ಲೋನನ್ನು ಕೊಡತಕ್ಕದ್ದು, ಕನ್‌ಸ್ಟ್ರಕ್ಟರ್ ಕೂಡ, ಬಹುಮಂದಿ ಮರೆಯುವುದು ಇದನ್ನೇ, ತನಗೆ ಬಂದ ಅರೇಯನ್ನು ಮೊದಲು ಪ್ರತಿಮಾಡಿಕೊಂಡು, ಬಳಿಕ ಆ ಪ್ರತಿಯನ್ನೇ ತಪಾಸಣೆ ಮಾಡತಕ್ಕದ್ದು. ಆದರೆ ಅರೇಯ ಕ್ಲೋನ್ ಮೇಲ್ಪದರದ ಪ್ರತಿ ಮಾತ್ರ. ತೂಕದಂಥ ಡಬಲ್ ಮೌಲ್ಯಗಳಿಗೆ ಅದು ಸಾಕು, ಬದಲಾಗಬಲ್ಲ ಆಬ್ಜೆಕ್ಟುಗಳ ಅರೇಗೆ ಸಾಲದು.

ಎಲ್ಲ ಆಬ್ಜೆಕ್ಟುಗಳಿಗೂ ಪ್ರತಿ ಬೇಕಿಲ್ಲ. ಸ್ಟ್ರಿಂಗ್ ಅವಿಕಾರಿ, ಅಂದರೆ ರಚನೆಯಾದ ಮೇಲೆ ಬದಲಾಗದ್ದು; ಆದುದರಿಂದ ಅದಕ್ಕೆ ಪ್ರತಿ ಬೇಡ. ಹಳೆಯ ಡೇಟ್ ಕ್ಲಾಸ್ ವಿಕಾರಿ; 2014ರ ಜಾವಾ 8ರಲ್ಲಿ ಬಂದ ಲೋಕಲ್‌ಡೇಟ್ ಅವಿಕಾರಿ. ಕಲೆಕ್ಷನ್ಸ್ ಕ್ಲಾಸಿನ ಅನ್‌ಮಾಡಿಫೈಯಬಲ್‌ಲಿಸ್ಟ್ ಕೇವಲ ಒಂದು ನೋಟವಾದುದರಿಂದ, ಮೂಲ ಪಟ್ಟಿ ಬದಲಾದರೆ ಅದರಲ್ಲಿಯೂ ಬದಲಾವಣೆ ಕಾಣುತ್ತದೆ. 2018ರ ಜಾವಾ 10ರಲ್ಲಿ ಬಂದ ಲಿಸ್ಟ್ ಇಂಟರ್‌ಫೇಸಿನ ಕಾಪಿಆಫ್ ಮೆಥಡ್‌ಗೆ ಈ ದೋಷವಿಲ್ಲ.