ಗುಡ್ಡದ ಜಾಡು ಮತ್ತು ಪಾಠಾಂತರ: ಜಿಪಿಎಸ್ ನಕ್ಷೆಯ ಓದು

ಜತ್ತ ತಾಲ್ಲೂಕಿನ ಊರುಗಳ ಪಟ್ಟಿಯನ್ನು ಓದುವ ಕನ್ನಡ ವಿದ್ಯಾರ್ಥಿಯ ಕಣ್ಣು ದರಿಬಡಚಿ, ದರಿಕೊನ್ನೂರು ಎಂಬ ಹೆಸರುಗಳ ಬಳಿ ತಡೆದು ನಿಲ್ಲುವುದು ಸಹಜ. ‘ದರಿ’ ಎಂದರೆ ಕಣಿವೆ, ಕೊರಕಲು, ಗವಿ; ‘ಗಿರಿದರಿ’ ಎಂಬ ಜೋಡುನುಡಿ ಕಾವ್ಯದ ಓದುಗರಿಗೆ ಹೊಸದಲ್ಲ. ಮರಾಠಿಯಲ್ಲಿಯೂ ಆ ಪದ ಕಣಿವೆಯನ್ನೇ ಸೂಚಿಸುತ್ತದೆ. ಆದರೆ ಮೊದಲೆರಡು ಅಕ್ಷರಗಳನ್ನು ಕಂಡೊಡನೆ ಊರಿನ ಹೆಸರಿಗೆ ನಿಷ್ಪತ್ತಿ ಹೇಳಿಬಿಡುವುದು ಸ್ಥಳನಾಮ ಅಧ್ಯಯನದ ಹಳೆಯ ದೌರ್ಬಲ್ಯ. ಊರಿನ ಸುತ್ತ ದರಿಯಿದೆಯೇ, ಇದ್ದರೆ ಊರು ಅದರ ಒಳಗಿದೆಯೋ ಅಂಚಿನಲ್ಲಿದೆಯೋ ಎಂಬುದನ್ನು ನೆಲವೇ ಹೇಳಬೇಕು. ಆ ನೆಲವನ್ನು ಓದಲು ಬೆಟ್ಟ ಹತ್ತುವವರು ಬಳಸುವ ಜಿಪಿಎಸ್ ನಕ್ಷೆಯ ತಂತ್ರಾಂಶ ಇಂದು ವಿದ್ಯಾರ್ಥಿಯ ಜೇಬಿನಲ್ಲಿಯೇ ಇದೆ. ಚಾರಣದ ಮೊದಲು ದಾರಿಯನ್ನು ಯೋಜಿಸಲು, ಚಾರಣದ ನಂತರ ನಡೆದುದನ್ನು ಪರಿಶೀಲಿಸಲು ಹುಟ್ಟಿದ ಈ ಸಾಧನ ಭಾಷಾಭ್ಯಾಸಿಗೂ ಒದಗುತ್ತದೆ. ಅಷ್ಟೇ ಸುಲಭವಾಗಿ ದಾರಿ ತಪ್ಪಿಸುತ್ತದೆ ಕೂಡ.

ಮೊದಲು ಕಲಿಯಬೇಕಾದುದು ಸಮೋನ್ನತ ರೇಖೆಗಳ ಓದು. ಒಂದೇ ಎತ್ತರದ ಬಿಂದುಗಳನ್ನು ಕೂಡಿಸುವ ಈ ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು; ದೂರದೂರವಿದ್ದರೆ ಮಂದ ಇಳಿಜಾರು. ಗೆರೆಗಳ ಮೊನೆ ಎತ್ತರದ ಕಡೆಗೆ ಬಾಗಿದ್ದರೆ ಅಲ್ಲಿ ಹಳ್ಳ ಅಥವಾ ಕೊಳ್ಳ. ತಗ್ಗಿನ ಕಡೆಗೆ ಚಾಚಿದ್ದರೆ ಗುಡ್ಡದ ಏಣು. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ಹಾಳೆಗಳಲ್ಲಿ ಒಂದು ಸೆಂಟಿಮೀಟರ್ ನೆಲದ ಅರ್ಧ ಕಿಲೋಮೀಟರಿಗೆ ಸಮ. ಗೆರೆಯಿಂದ ಗೆರೆಗೆ ಸಾಮಾನ್ಯವಾಗಿ 20 ಮೀಟರ್ ಅಂತರ. ಹಾಗಾದರೆ ಹತ್ತು ಮೀಟರ್ ಆಳದ ಕೊರಕಲು ಎರಡು ಗೆರೆಗಳ ನಡುವೆ ಅಡಗಿಕೊಳ್ಳಬಲ್ಲದು. ನಕ್ಷೆಯಲ್ಲಿ ಕಾಣದ ಮಾತ್ರಕ್ಕೆ ದರಿಯಿಲ್ಲವೆಂದು ಬರೆಯುವಂತಿಲ್ಲ.

ಜತ್ತದಂತಹ ಬರದ ಸೀಮೆಯಲ್ಲಿ ಇನ್ನೊಂದು ಎಚ್ಚರ ಬೇಕು. ಸರ್ವೇಕ್ಷಣಾ ಇಲಾಖೆಯ ಹಾಳೆಗಳು ನೀರು ಹರಿಯುವ ಹಳ್ಳವನ್ನು ನೀಲಿಯಲ್ಲಿಯೂ ಒಣ ಹಳ್ಳವನ್ನು ಕಪ್ಪಿನಲ್ಲಿಯೂ ತೋರಿಸುತ್ತವೆ. ಮೊಬೈಲಿನ ಬಹುತೇಕ ನಕ್ಷೆಗಳಿಗೆ ಆ ವಿವೇಚನೆಯಿಲ್ಲ. ಅವುಗಳಿಗೆ ಎಲ್ಲ ಹಳ್ಳವೂ ನೀಲಿಯೇ. ಏಪ್ರಿಲಿನಲ್ಲಿ ಆ ನೀಲಿಯನ್ನು ನಂಬಿ ಒಂದು ಬಾಟಲಿ ನೀರಿನೊಡನೆ ಮಡ್ಡಿ ಹತ್ತಿದವನಿಗೆ ಸಿಗುವುದು ಮರಳು ಮತ್ತು ಕಲ್ಲು.

ದಾರಿಯ ಯೋಜನೆಗೆ ಕರ್ನಾಟಕದ ಪ್ರಸಿದ್ಧ ಏರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕುಕ್ಕೆ ಸುಬ್ರಹ್ಮಣ್ಯದಿಂದ ಗಿರಿಗದ್ದೆ, ಕಲ್ಲುಮಂಟಪ, ಶೇಷಪರ್ವತಗಳನ್ನು ದಾಟಿ ಕುಮಾರಪರ್ವತದ ನೆತ್ತಿಗೆ ಸುಮಾರು 13 ಕಿಲೋಮೀಟರ್. ನೆತ್ತಿ 1712 ಮೀಟರ್ ಎತ್ತರದಲ್ಲಿದೆ. ಕುಕ್ಕೆ 120 ಮೀಟರಿನ ಆಸುಪಾಸಿನಲ್ಲಿದೆ. ಅಂದರೆ ಏರಬೇಕಾದುದು ಸುಮಾರು 1600 ಮೀಟರ್. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಸೂತ್ರ ಇಂದಿಗೂ ಹಲವು ತಂತ್ರಾಂಶಗಳ ಲೆಕ್ಕದ ಬುನಾದಿ: ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಮತ್ತೊಂದು ಗಂಟೆ. ಈ ಲೆಕ್ಕದಂತೆ ಕುಮಾರಪರ್ವತಕ್ಕೆ ಐದೂಕಾಲು ಗಂಟೆ ಸಾಕು. ಪಶ್ಚಿಮಘಟ್ಟದ ಸೆಕೆ, ಜಾರುವ ಬಂಡೆ, ಬೆನ್ನ ಮೇಲಿನ ಹೊರೆ ಆ ಸೂತ್ರದೊಳಗಿಲ್ಲ. ಏಳೆಂಟು ಗಂಟೆ ಹಿಡಿಯುವುದೇ ಸಾಮಾನ್ಯ. ಸೂತ್ರವನ್ನು ನಂಬಿ ಹೊರಟವರು ಕತ್ತಲೆಯಲ್ಲಿ ಇಳಿಯಬೇಕಾಗುತ್ತದೆ.

ಚಾರಣ ಮುಗಿದ ಮೇಲೆ ಉಳಿಯುವುದು ಯಂತ್ರ ದಾಖಲಿಸಿದ ಜಾಡು. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತದಿಂದ ಸ್ಥಾನ ನಿರ್ಣಯವಾಗುತ್ತದೆ. ಬಯಲಿನಲ್ಲಿ ಮೊಬೈಲಿನ ತಪ್ಪು ಐದು ಮೀಟರಿನಷ್ಟು. ಮರಗಳ ಕೆಳಗೆ, ಕೊಳ್ಳದ ತಳದಲ್ಲಿ ಅದು ಬೆಳೆಯುತ್ತದೆ. ಬುತ್ತಿ ಬಿಚ್ಚಿ ಕುಳಿತ ಅರ್ಧ ಗಂಟೆಯಲ್ಲಿ ಯಂತ್ರ ಸುಮ್ಮನಿರದೆ ಅಲ್ಲಲ್ಲೇ ಗೀಚುತ್ತಾ ಹೋಗಿ, ನಡೆಯದ ದೂರವನ್ನೂ ಕೂಡಿಸಿಬಿಡುತ್ತದೆ. ಎತ್ತರದ ವಿಷಯದಲ್ಲಿ ತೊಡಕು ಇನ್ನೂ ದೊಡ್ಡದು. ಉಪಗ್ರಹ ಲೆಕ್ಕ ಹಾಕುವುದು ಗಣಿತದ ನುಣುಪಾದ ಭೂಗೋಳದಿಂದ. ನಕ್ಷೆ ಹೇಳುವುದು ಸಮುದ್ರಮಟ್ಟದಿಂದ. ದಕ್ಷಿಣ ಕರ್ನಾಟಕದಲ್ಲಿ ಇವೆರಡರ ನಡುವೆ 80 ಮೀಟರಿಗೂ ಹೆಚ್ಚು ಅಂತರವಿದೆ. ಈ ತಿದ್ದುಪಡಿ ಮಾಡದ ತಂತ್ರಾಂಶ ಕುಮಾರಪರ್ವತವನ್ನು ಅಷ್ಟು ತಗ್ಗಿಸಿ ತೋರಿಸುತ್ತದೆ.

ಇಲ್ಲಿ ಕನ್ನಡ ಐಚ್ಛಿಕದ ವಿದ್ಯಾರ್ಥಿಗೆ ಪರಿಚಿತವಾದ ಒಂದು ಶಿಸ್ತು ನೆನಪಾಗಬೇಕು. ಒಂದೇ ಬೆಟ್ಟದ ದಾರಿಗೆ ಹತ್ತಾರು ಜನ ದಾಖಲಿಸಿದ ಜಾಡುಗಳು ಸಿಗುತ್ತವೆ, ಯಾವುದೂ ಇನ್ನೊಂದರಂತಿಲ್ಲ. ಗ್ರಂಥಸಂಪಾದಕನ ಮುಂದೆ ಹರಡಿದ ಓಲೆಗರಿ ಪ್ರತಿಗಳ ಸ್ಥಿತಿಯೇ ಇದು. ಎಲ್ಲ ಪ್ರತಿಗಳು ಒಪ್ಪುವ ಕಡೆ ದಾರಿ ನಿಶ್ಚಿತ. ಭಿನ್ನವಾಗುವ ಕಡೆ ಕಾರಣವನ್ನು ಹುಡುಕಬೇಕು: ಒಬ್ಬ ದಾರಿ ತಪ್ಪಿದನೇ, ಮಳೆಗಾಲದಲ್ಲಿ ಹಳ್ಳ ದಾಟಲಾಗದೆ ಸುತ್ತಿ ಬಂದನೇ, ಯಂತ್ರವೇ ಸಂಕೇತ ಕಳೆದುಕೊಂಡಿತೇ? ಬಹುಸಂಖ್ಯೆಯ ಪ್ರತಿಗಳು ಒಪ್ಪಿದ ಪಾಠವೇ ಶುದ್ಧ ಎನ್ನುವಂತಿಲ್ಲ ಎಂಬ ನಿಯಮ ಇಲ್ಲಿಯೂ ಸತ್ಯ. ಒಬ್ಬನ ತಪ್ಪು ಜಾಡನ್ನು ಮೊಬೈಲಿಗೆ ಇಳಿಸಿಕೊಂಡು ಅದರ ಮೇಲೆಯೇ ನಡೆದ ಇಪ್ಪತ್ತು ಜನರ ಇಪ್ಪತ್ತು ಜಾಡುಗಳು ಒಂದೇ ಮಾತೃಕೆಯಿಂದ ಇಳಿದ ಪ್ರತಿಗಳು; ಅವುಗಳನ್ನು ಒಂದು ಸಾಕ್ಷ್ಯವಾಗಿ ಮಾತ್ರ ಎಣಿಸಬೇಕು.

ಹೆಸರುಗಳ ವಿಷಯದಲ್ಲಿ ಈ ಶಿಸ್ತು ಇನ್ನೂ ಅಗತ್ಯ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಮೈಸೂರು ಸೀಮೆಯನ್ನು ಅಳೆದ ಕಾಲಿನ್ ಮೆಕೆಂಜಿ, ಕಾವಲಿ ವೆಂಕಟ ಬೋರಯ್ಯನಂತಹ ಸಹಾಯಕರ ನೆರವಿನಿಂದ ಊರೂರಿನ ಕೈಫಿಯತ್ತುಗಳನ್ನೂ ಶಾಸನಗಳನ್ನೂ ಸಂಗ್ರಹಿಸಿದನು. 1815ರಲ್ಲಿ ಅವನೇ ಭಾರತದ ಮೊದಲ ಸರ್ವೇಯರ್ ಜನರಲ್ ಆದನು. ಅವನ ಕೆಲಸದಲ್ಲಿ ಅಳತೆಯೂ ಊರಿನವರ ಮಾತೂ ಜೊತೆಜೊತೆಯಾಗಿ ನಡೆದವು. ಇಂದಿನ ನಕ್ಷೆಗಳಲ್ಲಿ ಅಳತೆ ಸೂಕ್ಷ್ಮವಾಗಿದೆ, ಮಾತು ಸೊರಗಿದೆ. ಶಂ. ಬಾ. ಜೋಶಿಯವರು ಮಹಾರಾಷ್ಟ್ರದ ಸ್ಥಳನಾಮಗಳಲ್ಲಿ ಕನ್ನಡದ ಕುರುಹುಗಳನ್ನು ಗುರುತಿಸಿದರು. ಊರಿನ ಹೆಸರು ಹೇಗೋ ದಫ್ತರದಲ್ಲಿ ಉಳಿಯುತ್ತದೆ. ಹಳ್ಳ, ಮರಡಿ, ಮಡ್ಡಿ, ಕೊಳ್ಳಗಳ ಹೆಸರುಗಳು ಕುರಿ ಕಾಯುವವರ, ಹೊಲ ಉಳುವವರ ಬಾಯಲ್ಲಿ ಮಾತ್ರ ಇರುತ್ತವೆ.

ಬಾಯಿಂದ ನಕ್ಷೆಗೆ ಬರುವಾಗ ಆಗುವ ನಷ್ಟವನ್ನು ದರಿಬಡಚಿಯ ಹೆಸರಿನಲ್ಲಿಯೇ ಪರೀಕ್ಷಿಸಬಹುದು. ರೋಮನ್ ಅಕ್ಷರಗಳಲ್ಲಿ ‘ದ’ಕ್ಕೂ ‘ಡ’ಕ್ಕೂ ಒಂದೇ ಲಿಪಿ. ಅಲ್ಲಿಂದ ಯಂತ್ರ ಕನ್ನಡಕ್ಕೆ ಮರಳಿಸಿದರೆ ‘ಡರಿಬದಚಿ’ ಎಂದಾಗಲೂ ಅಡ್ಡಿಯಿಲ್ಲ; ‘ದರಿ’ ಎಂಬ ಸುಳಿವೇ ಅಳಿಸಿಹೋಗುತ್ತದೆ. ದೇವನಾಗರಿ ಈ ವ್ಯತ್ಯಾಸವನ್ನು ಉಳಿಸುತ್ತದೆ, ಆದರೆ ಎ–ಏ, ಒ–ಓ ಭೇದವನ್ನು ತೋರಿಸುವುದಿಲ್ಲ. ಮರಾಠಿ ದಫ್ತರದಿಂದ ಕನ್ನಡಕ್ಕೆ ಬಂದ ‘ಕೆರೆ’ ‘ಕೇರೆ’ಯಾದರೆ ನೀರಿನ ಜಾಗದಲ್ಲಿ ಹಾವು ಬಂದು ಕೂರುತ್ತದೆ. ಗಡಿಭಾಗದ ಹೆಸರುಗಳು ಎರಡೆರಡು ಲಿಪಿಗಳನ್ನು ದಾಟಿ ಬಂದಿರುವುದರಿಂದ ಎರಡೂ ಬಗೆಯ ದೋಷಗಳಿಗೆ ಒಳಗಾಗುತ್ತವೆ.

2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆ ಇದಕ್ಕೊಂದು ದಾರಿ ಮಾಡಿಕೊಟ್ಟಿದೆ. ಚಾರಣದ ಹಲವು ತಂತ್ರಾಂಶಗಳು ಬಳಸುವುದು ಇದೇ ನಕ್ಷೆಯನ್ನು. ಪ್ರತಿಯೊಂದು ಸ್ಥಳಕ್ಕೂ ಕನ್ನಡದ ಹೆಸರನ್ನು ಪ್ರತ್ಯೇಕವಾಗಿ ಸೇರಿಸುವ ಅವಕಾಶ ಅದರಲ್ಲಿದೆ. ಸೇರಿಸಲು ಯಾರ ಅಪ್ಪಣೆಯೂ ಬೇಡ. ಈ ಸ್ವಾತಂತ್ರ್ಯವೇ ಅಪಾಯವೂ ಹೌದು. ಕುಳಿತಲ್ಲಿಯೇ ಮರಾಠಿ ಹೆಸರನ್ನು ಅನುವಾದಿಸಿ ಹಾಕಿದ ಕನ್ನಡವು ಸಾಕ್ಷ್ಯವಲ್ಲ, ಪ್ರಕ್ಷೇಪ.

ಕ್ಷೇತ್ರಕಾರ್ಯದ ವಿದ್ಯಾರ್ಥಿ ನಕ್ಷೆಯನ್ನು ಮನೆಯಲ್ಲಿಯೇ ಮೊಬೈಲಿಗೆ ಇಳಿಸಿಕೊಂಡು ಹೊರಡಬೇಕು. ಗುಡ್ಡದ ಮರೆಯಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ, ನಕ್ಷೆ ಮಾತ್ರ ತೆರೆಯುವುದಿಲ್ಲ. ಹೆಸರು ಹೇಳಿದ ಹಿರಿಯರು ಹೊಲದ ಬದುವಿನಲ್ಲಿ ನಿಂತು ದೂರದ ಮರಡಿಗೆ ಬೊಟ್ಟು ಮಾಡಿದ್ದರೆ ಯಂತ್ರ ಗುರುತಿಸುವುದು ಬದುವನ್ನು, ಮರಡಿಯನ್ನಲ್ಲ. ಆದ್ದರಿಂದ ಅಲ್ಲಿಯವರೆಗೆ ನಡೆದು ಹೋಗಬೇಕು. ಉಚ್ಚಾರವನ್ನು ಧ್ವನಿಮುದ್ರಿಸಿಕೊಂಡು, ಅಲ್ಲಿಯೇ ಕನ್ನಡ ಲಿಪಿಯಲ್ಲಿ ಬರೆದು, ಹೇಳಿದವರಿಗೆ ಓದಿ ತೋರಿಸಬೇಕು. ಒಂದೇ ಹಳ್ಳಕ್ಕೆ ಮೇಲಿನ ಊರಿನವರು ಒಂದು ಹೆಸರನ್ನೂ ಕೆಳಗಿನ ಊರಿನವರು ಇನ್ನೊಂದನ್ನೂ ಹೇಳುವುದುಂಟು. ಆಗ ಒಂದನ್ನು ಆರಿಸಿ ಇನ್ನೊಂದನ್ನು ಬಿಡುವ ಅಗತ್ಯವಿಲ್ಲ. ಪರ್ಯಾಯ ಹೆಸರಿಗೂ ಆ ನಕ್ಷೆಯಲ್ಲಿ ಬೇರೆಯೇ ಸ್ಥಾನವಿದೆ, ಅಡಿಟಿಪ್ಪಣಿಯಲ್ಲಿ ಪಾಠಾಂತರಕ್ಕೆ ಇರುವಂತೆ.