ಉಡುಪು, ಮಾನ, ಮರ್ಯಾದೆ: ಒಂಬತ್ತನೆಯ ತರಗತಿಗೆ ಒಂದು ಇತಿಹಾಸ ಪಾಠ

ಬೋಧನಾಭ್ಯಾಸಕ್ಕೆ ಹೋಗುವ ನಮ್ಮ ಪ್ರಶಿಕ್ಷಣಾರ್ಥಿಗಳು ಇತಿಹಾಸದಲ್ಲಿ ಆರಿಸಿಕೊಳ್ಳುವ ಪಾಠಗಳನ್ನು ನೋಡಿದರೆ ಯುದ್ಧ, ಒಪ್ಪಂದ, ರಾಜವಂಶಗಳದೇ ಮೇಲುಗೈ. ಉಡುಗೆ ತೊಡುಗೆಯ ವಿಷಯಕ್ಕೆ ಕೈ ಹಾಕುವವರು ವಿರಳ. ಕಾರಣ ಕೇಳಿದರೆ, "ಹುಡುಗ ಹುಡುಗಿಯರು ಒಟ್ಟಿಗೆ ಕೂತಿರ್ತಾರೆ, ಒಬ್ಬ ನಕ್ಕರೆ ಇಡೀ ತರಗತಿ ಕೈತಪ್ಪುತ್ತೆ ಮೇಡಂ" ಎನ್ನುತ್ತಾರೆ. ಅವರ ಭಯ ಸುಳ್ಳಲ್ಲ. ಆದರೆ ಅದೇ ಮಕ್ಕಳು ಮೈತುಂಬ ಬಟ್ಟೆ, ಅರೆಬರೆ ಬಟ್ಟೆ ಎಂಬ ಮಾತುಗಳನ್ನು ಮನೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಮೊಬೈಲಿನಲ್ಲಿ ದಿನವೂ ಕೇಳುತ್ತಾರೆ. ಎಲ್ಲರೂ ಮಾತಾಡುವ ವಿಷಯದಲ್ಲಿ ಶಾಲೆ ಮಾತ್ರ ಬಾಯಿ ಮುಚ್ಚಿಕೊಂಡರೆ, ಮಕ್ಕಳು ಅದನ್ನು ಆಧಾರವಿಟ್ಟು ಯೋಚಿಸಲು ಕಲಿಯುವುದು ಎಲ್ಲಿ? ಈ ಪ್ರಶ್ನೆಯಿಂದ ಹುಟ್ಟಿದ, ತಲಾ 40 ನಿಮಿಷದ ಎರಡು ಅವಧಿಗಳ ಮಾದರಿ ಪಾಠವನ್ನು ಇಲ್ಲಿ ವಿವರಿಸುತ್ತಿದ್ದೇನೆ. ಪಾಠ ಮಾಡಿದವಳು ನಾನು. ಹಿಂದಿನ ಬೆಂಚುಗಳಲ್ಲಿ ಎಂಟು ಜನ ಪ್ರಶಿಕ್ಷಣಾರ್ಥಿಗಳು ವೀಕ್ಷಣಾ ಪುಸ್ತಕ ಹಿಡಿದು ಕೂತಿದ್ದರು.

ಉದ್ದೇಶಗಳು

ಪಾಠಯೋಜನೆಯಲ್ಲಿ ಮೂರೇ ಉದ್ದೇಶಗಳನ್ನು ಬರೆದುಕೊಂಡಿದ್ದೆ. ಒಂದು, ಮಾನ ಮರ್ಯಾದೆಯ ಉಡುಪು ಯಾವುದು ಎಂಬ ಕಲ್ಪನೆ ಕಾಲದಿಂದ ಕಾಲಕ್ಕೆ, ಊರಿಂದ ಊರಿಗೆ ಬದಲಾಗಿದೆ ಎಂಬುದನ್ನು ವಿದ್ಯಾರ್ಥಿಗಳು ಉದಾಹರಣೆಯೊಂದಿಗೆ ವಿವರಿಸುವರು. ಎರಡು, ಉಡುಪಿನ ನಿಯಮವನ್ನು ಯಾರು ಮಾಡಿದರು, ಯಾರ ಮೇಲೆ ಮಾಡಿದರು ಎಂದು ವಿಶ್ಲೇಷಿಸುವರು. ಮೂರು, ದಾಖಲೆಗೂ ಜನಶ್ರುತಿಗೂ ಇರುವ ವ್ಯತ್ಯಾಸವನ್ನು ಗುರುತಿಸುವರು. "ಯಾವ ಬಟ್ಟೆ ಒಳ್ಳೆಯದು" ಎಂದು ತೀರ್ಪು ಕೊಡುವುದು ಉದ್ದೇಶಗಳ ಪಟ್ಟಿಯಲ್ಲಿ ಇರಲಿಲ್ಲ. ಅದನ್ನು ತರಗತಿಗೂ ಮೊದಲೇ ತಿಳಿಸಿದೆ. ಜೊತೆಗೆ ಎರಡು ನಿಯಮಗಳು: ತರಗತಿಯಲ್ಲಿರುವ ಯಾರ ಬಟ್ಟೆಯ ಬಗ್ಗೆಯೂ, ಯಾರ ಮನೆಯವರ ಬಗ್ಗೆಯೂ ಮಾತಿಲ್ಲ, ಕೇಳಲು ಸಂಕೋಚವೆನಿಸಿದ್ದನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆದು ಮೇಜಿನ ಮೇಲಿನ ಡಬ್ಬಿಗೆ ಹಾಕಬಹುದು.

ಪೀಠಿಕೆ

ಪೀಠಿಕೆಗೆ ಒಂದು ಚಿತ್ರ ತೋರಿಸಿದೆ. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ತುಳಸಿ ಗೌಡ ಅವರು ಪದ್ಮಶ್ರೀ ಸ್ವೀಕರಿಸಿದ ಚಿತ್ರ. ಬರಿಗಾಲು, ಹಾಲಕ್ಕಿ ಸಮುದಾಯದ ರೀತಿಯಲ್ಲಿ ರವಿಕೆಯಿಲ್ಲದೆ ಉಟ್ಟ ಸೀರೆ, ಕೊರಳ ತುಂಬ ಮಣಿಸರ. ಮಕ್ಕಳಿಗೆ ಚಿತ್ರ ಪರಿಚಿತವಾಗಿತ್ತು. "ಗಿಡ ನೆಟ್ಟ ಅಜ್ಜಿ" ಎಂದರು. "ಇವರ ಉಡುಪು ಮರ್ಯಾದೆಯದೋ ಅಲ್ಲವೋ?" ಎಂದು ಕೇಳಿದಾಗ ಒಬ್ಬರೂ ಅಲ್ಲ ಎನ್ನಲಿಲ್ಲ. "ಹಾಗಾದರೆ ರವಿಕೆ ಇದ್ದರೆ ಮಾತ್ರ ಮರ್ಯಾದೆ ಎಂಬ ಮಾತು ಎಲ್ಲಿಂದ ಬಂತು?" ಎಂಬುದು ಎರಡನೆಯ ಪ್ರಶ್ನೆ. ಸ್ವಲ್ಪ ಹೊತ್ತು ಸುಮ್ಮನಿದ್ದ ತರಗತಿಯಲ್ಲಿ ಒಬ್ಬಳು ತನ್ನ ಮುತ್ತಜ್ಜಿಯೂ ರವಿಕೆ ತೊಡುತ್ತಿರಲಿಲ್ಲವಂತೆ ಎಂದಳು. ಇನ್ನಿಬ್ಬರು ಹೌದು ಹೌದು ಎಂದರು. ನಗು ಬರಲಿಲ್ಲ. ಮಕ್ಕಳು ಗೌರವಿಸುವ ವ್ಯಕ್ತಿಯಿಂದ ಪಾಠ ಶುರುವಾದದ್ದೇ ಇದಕ್ಕೆ ಕಾರಣ ಎಂದು ಪ್ರಶಿಕ್ಷಣಾರ್ಥಿಯೊಬ್ಬರು ವೀಕ್ಷಣಾ ಪುಸ್ತಕದಲ್ಲಿ ಬರೆದಿದ್ದರು. ಅದು ಸರಿ.

ವಿಷಯ ಮಂಡನೆ: ತಿರುವಾಂಕೂರಿನ ಮೇಲುವಸ್ತ್ರ

ಮುಖ್ಯ ಉದಾಹರಣೆಯಾಗಿ 19ನೆಯ ಶತಮಾನದ ತಿರುವಾಂಕೂರನ್ನು ಆರಿಸಿಕೊಂಡೆ. ಆ ಸಂಸ್ಥಾನದ ದಕ್ಷಿಣ ಭಾಗದಲ್ಲಿ, ಇಂದಿನ ಕನ್ಯಾಕುಮಾರಿ ಜಿಲ್ಲೆಯ ಕಡೆ, ತಾಳೆಮರ ಹತ್ತಿ ಬದುಕುತ್ತಿದ್ದ ನಾಡಾರರಿದ್ದರು. ಆಗ ಅವರನ್ನು ಶಾನಾರ್ ಅಥವಾ ಚಾನ್ನಾರ್ ಎನ್ನುತ್ತಿದ್ದರು. ಅವರು ಕೊಡೆ ಹಿಡಿಯುವಂತಿರಲಿಲ್ಲ, ಚಪ್ಪಲಿ ಮೆಟ್ಟುವಂತಿರಲಿಲ್ಲ, ಚಿನ್ನದ ಒಡವೆ ಇಡುವಂತಿರಲಿಲ್ಲ. ಗಂಡಸಾಗಲಿ ಹೆಂಗಸಾಗಲಿ ಮೇಲ್ಜಾತಿಯವರ ಮುಂದೆ ಸೊಂಟದ ಮೇಲೆ ಬಟ್ಟೆ ಹೊದೆಯುವಂತಿರಲಿಲ್ಲ.

ಇಲ್ಲಿ ಮಕ್ಕಳಿಗೆ ಗೊಂದಲವಾಗುತ್ತದೆ. ಮುಚ್ಚಿಕೊಳ್ಳಿ ಎಂದು ಬಯ್ಯುವುದು ಗೊತ್ತು. ಮುಚ್ಚಿಕೊಳ್ಳಬೇಡಿ ಎಂದು ಬಯ್ಯುವುದು ಹೇಗೆ? ಒಬ್ಬ ಹುಡುಗ ದಾರಿ ತೋರಿಸಿದ: "ಮೇಡಂ, ದೇವಸ್ಥಾನದಲ್ಲಿ ಗಂಡಸರು ಅಂಗಿ ಬಿಚ್ಚಿ ಒಳಗೆ ಹೋಗ್ತಾರಲ್ಲ, ಹಾಗಾ?" ನಮ್ಮ ಕರಾವಳಿಯ ಹಲವು ದೇವಸ್ಥಾನಗಳಲ್ಲಿ ಈ ಪದ್ಧತಿಯನ್ನು ಮಕ್ಕಳು ನೋಡಿರುತ್ತಾರೆ. ಎದೆಯ ಮೇಲಿನ ವಸ್ತ್ರ ತೆಗೆಯುವುದು ದೊಡ್ಡವರ ಮುಂದೆ ತೋರುವ ವಿನಯ ಎಂಬ ಭಾವನೆ ಅದರ ಹಿಂದಿದೆ. ತಿರುವಾಂಕೂರಿನಲ್ಲಿ ಇದು ಮೆಟ್ಟಿಲು ಮೆಟ್ಟಿಲಾಗಿತ್ತು. ನಂಬೂದಿರಿ ದೇವರ ಮುಂದೆ, ನಾಯರ್ ನಂಬೂದಿರಿಯ ಮುಂದೆ, ನಾಡಾರ್ ಇವರೆಲ್ಲರ ಮುಂದೆ. ದೇವರ ಮುಂದೆ ತಾನಾಗಿ ತೋರುವ ಭಕ್ತಿಗೂ ಸಂತೆಬೀದಿಯಲ್ಲಿ ಬಲವಂತದಿಂದ ಕೇಳುವ ವಿನಯಕ್ಕೂ ಇರುವ ಅಂತರವನ್ನು ಮಕ್ಕಳೇ ಹೇಳುವಂತೆ ಎರಡು ಮೂರು ಪ್ರಶ್ನೆ ಕೇಳಿದೆ.

ಮುಂದಿನ ಘಟನೆಗಳನ್ನು ಕಪ್ಪುಹಲಗೆಯ ಮೇಲೆ ಕಾಲರೇಖೆಯಾಗಿ ಬರೆದೆವು. ಮಿಷನರಿಗಳ ಪ್ರಭಾವದಿಂದ ನಾಡಾರರಲ್ಲಿ ಅನೇಕರು ಕ್ರೈಸ್ತರಾದರು. ಆ ಸ್ತ್ರೀಯರು ಮೇಲುವಸ್ತ್ರ ಹೊದೆಯತೊಡಗಿದರು. ರೆಸಿಡೆಂಟರಾಗಿದ್ದ ಕರ್ನಲ್ ಮನ್ರೋ ಕಾಲದಲ್ಲಿ ಕ್ರೈಸ್ತ ಸ್ತ್ರೀಯರು ಕುಪ್ಪಾಯ ತೊಡಬಹುದು, ಆದರೆ ನಾಯರ್ ಸ್ತ್ರೀಯರಂತೆ ಹೆಗಲ ಮೇಲೆ ವಸ್ತ್ರ ಹೊದೆಯಬಾರದು ಎಂದಾಯಿತು. 1822ರಲ್ಲಿ ಹೊದ್ದವರ ಮೇಲೆ ಬೀದಿಯಲ್ಲಿ ಹಲ್ಲೆಗಳಾದವು. 1829ರ ಸರ್ಕಾರಿ ಘೋಷಣೆ ಹೊದೆಯುವುದನ್ನೇ ತಡೆಯಿತು. 1858-59ರಲ್ಲಿ ಸಂತೆಗಳಲ್ಲಿ ಸ್ತ್ರೀಯರ ಮೇಲುವಸ್ತ್ರ ಕಿತ್ತರು, ಮನೆಗಳನ್ನು ಲೂಟಿ ಮಾಡಿದರು, ಪ್ರಾರ್ಥನಾಮಂದಿರಗಳಿಗೆ ಬೆಂಕಿ ಹಚ್ಚಿದರು. ಮದರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲ್ಯನ್ ಒತ್ತಡ ಹಾಕಿದ ಮೇಲೆ 1859ರಲ್ಲಿ ಹಿಂದೂ, ಕ್ರೈಸ್ತ ಎಂಬ ಭೇದವಿಲ್ಲದೆ ನಾಡಾರ್ ಸ್ತ್ರೀಯರೆಲ್ಲ ಮೈ ಮುಚ್ಚಿಕೊಳ್ಳಬಹುದೆಂಬ ಘೋಷಣೆ ಹೊರಟಿತು. ಅದರಲ್ಲೂ ಒಂದು ಕೊಕ್ಕೆ: ಮೇಲ್ಜಾತಿಯ ಸ್ತ್ರೀಯರು ಹೊದೆಯುವ ರೀತಿಯಲ್ಲಿ ಹೊದೆಯಬಾರದು.

ಈ ಕೊನೆಯ ಷರತ್ತೇ ಪಾಠದ ತಿರುಳು. ಮೈ ಕಾಣುವುದು ಕಾಣದಿರುವುದು ಅಷ್ಟೇ ವಿಷಯವಾಗಿದ್ದರೆ ಹೊದೆಯುವ ರೀತಿಯ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ಬಟ್ಟೆ ನೋಡಿ ಜಾತಿ ಗುರುತು ಸಿಗಬೇಕು ಎಂಬುದೇ ನಿಯಮ ಮಾಡಿದವರ ಚಿಂತೆಯಾಗಿತ್ತು. ಇದನ್ನು ನಾನು ಹೇಳಲಿಲ್ಲ, "ಈ ಷರತ್ತು ಯಾಕೆ ಬೇಕಾಯಿತು?" ಎಂದು ಕೇಳಿ ಎರಡು ನಿಮಿಷ ಕಾದೆ. ಮೂರನೆಯ ಸಾಲಿನ ಹುಡುಗಿ ಹೇಳಿದಳು: "ಇಬ್ಬರೂ ಒಂದೇ ಥರ ಕಂಡರೆ ಯಾರು ಮೇಲು ಅಂತ ಗೊತ್ತಾಗಲ್ಲ, ಅದಕ್ಕೆ." ನಮ್ಮ ಪ್ರಶಿಕ್ಷಣಾರ್ಥಿಗಳು ಕಾಯುವುದನ್ನು ಕಲಿಯಬೇಕು. ಪ್ರಶ್ನೆ ಕೇಳಿದ ಮರುಕ್ಷಣವೇ ಉತ್ತರವನ್ನೂ ತಾವೇ ಹೇಳಿಬಿಟ್ಟರೆ ಇಂಥ ಮಾತು ಹೊರಬರುವುದಿಲ್ಲ.

ಕುಪ್ಪಾಯ ಎಂಬ ಮಲಯಾಳಂ ಪದವೂ ನಮ್ಮ ಕುಪ್ಪಸವೂ ನಂಟುಳ್ಳ ಪದಗಳೆಂದು ಹೇಳಿದಾಗ ಮಕ್ಕಳಿಗೆ ಆ ಊರು ಹತ್ತಿರವಾಯಿತು. ಕುಪ್ಪಸ, ರವಿಕೆ, ಜಂಪರು, ಬ್ಲೌಸು ಎಂದು ಒಂದೇ ಉಡುಪಿಗೆ ಮನೆಯಲ್ಲಿ ಕೇಳುವ ಹೆಸರುಗಳನ್ನು ಪಟ್ಟಿ ಮಾಡಿಸಿದೆ. ಬೇರೆ ಬೇರೆ ಹೆಸರುಗಳು ಬೇರೆ ಬೇರೆ ದಾರಿಯಿಂದ ಬಂದಿವೆ. ಇಲ್ಲಿಯೇ ಜ್ಞಾನದಾನಂದಿನಿ ದೇವಿಯವರ ಪರಿಚಯ ಮಾಡಿಕೊಟ್ಟೆ. ಐಸಿಎಸ್ ಸೇರಿದ ಮೊದಲ ಭಾರತೀಯರಾದ ಸತ್ಯೇಂದ್ರನಾಥ ಟಾಗೋರರ ಪತ್ನಿ. ಗಂಡನ ಜೊತೆ ಬೊಂಬಾಯಿಗೆ ಬಂದಾಗ ಪಾರ್ಸಿ ಸ್ತ್ರೀಯರನ್ನು ನೋಡಿ, ರವಿಕೆ ಮತ್ತು ಲಂಗದ ಜೊತೆ ಎಡ ಹೆಗಲ ಮೇಲೆ ಸೆರಗು ಬರುವಂತೆ ಸೀರೆ ಉಡುವ ರೀತಿಯನ್ನು ರೂಢಿಸಿ ಬಂಗಾಳಕ್ಕೆ ಒಯ್ದರು. ಹೆಂಗಸರು ಮನೆಯಿಂದ ಹೊರಗೆ, ಸಭೆಗಳಿಗೆ ಬರಲು ಇಂಥ ಉಡುಪು ಅನುಕೂಲವಾಯಿತು. ಸತ್ಯೇಂದ್ರನಾಥರು ನಮ್ಮ ಕಾರವಾರದಲ್ಲೂ ನ್ಯಾಯಾಧೀಶರಾಗಿದ್ದರು. ತಮ್ಮ ರವೀಂದ್ರನಾಥರು ಅಲ್ಲಿಗೆ ಬಂದು ಉಳಿದಿದ್ದರು. ಸನಾತನ ಎಂದು ನಾವು ಭಾವಿಸುವ ಉಡುಗೆಗೂ ಒಂದು ಹುಟ್ಟಿದ ಕಾಲವಿದೆ ಎಂಬುದಕ್ಕೆ ಈ ಉದಾಹರಣೆ ಸಾಕು.

ಎರಡನೆಯ ಅವಧಿ: ಹೋಲಿಕೆ

ಎರಡನೆಯ ದಿನ ಚೀಟಿಗಳ ಡಬ್ಬಿ ತೆರೆದೆ. ಎರಡು ಚೀಟಿಗಳಲ್ಲಿ ಒಂದೇ ಅರ್ಥದ ಮಾತಿತ್ತು: ಫಾರಿನ್‌ನಲ್ಲಿ ಮೊದಲಿಂದಲೂ ಕಡಿಮೆ ಬಟ್ಟೆ, ನಮ್ಮಲ್ಲಿ ಮೊದಲಿಂದಲೂ ಮೈತುಂಬ ಬಟ್ಟೆ. ಎರಡನೆಯ ಭಾಗಕ್ಕೆ ಹಿಂದಿನ ದಿನದ ಪಾಠವೇ ಉತ್ತರ. ಮೊದಲ ಭಾಗಕ್ಕೆ ಇನ್ನೊಂದು ಚಿತ್ರ ತೋರಿಸಿದೆ. 1922ರಲ್ಲಿ ಅಮೆರಿಕದ ವಾಷಿಂಗ್ಟನ್‌ನ ಸ್ನಾನದ ದಂಡೆಯಲ್ಲಿ ಅಧಿಕಾರಿಯೊಬ್ಬ ಮಂಡಿಯೂರಿ ಟೇಪು ಹಿಡಿದು ಹೆಂಗಸರ ಈಜುಡುಪು ಅಳೆಯುತ್ತಿದ್ದಾನೆ. ಮೊಣಕಾಲಿನಿಂದ 6 ಇಂಚಿಗಿಂತ ಮೇಲೆ ಇರಬಾರದೆಂಬುದು ಅಲ್ಲಿನ ನಿಯಮ. 24 ವರ್ಷ ಕಳೆದು, 1946ರಲ್ಲಿ, ಪ್ಯಾರಿಸಿನಲ್ಲಿ ಬಿಕಿನಿ ಎಂಬ ಈಜುಡುಪು ಹೊರಬಂತು. ಅಂದರೆ ಬದಲಾವಣೆ ಅಲ್ಲಿಯೂ ಒಂದೇ ತಲೆಮಾರಿನಲ್ಲಿ, ವಾದ ವಿವಾದದ ನಡುವೆ ಆಯಿತು.

ಗಂಡಸರ ಉಡುಪನ್ನೂ ಬಿಡಬಾರದು. ಬಿಟ್ಟರೆ ಮಾನ ಮರ್ಯಾದೆ ಹೆಣ್ಣುಮಕ್ಕಳ ಹೊಣೆ ಮಾತ್ರ ಎಂಬ ಭಾವನೆ ಪಾಠದಿಂದಲೇ ಗಟ್ಟಿಯಾಗುತ್ತದೆ. ಗಾಂಧೀಜಿ 1921ರ ಸೆಪ್ಟೆಂಬರಿನಲ್ಲಿ ಮಧುರೆಯಲ್ಲಿ ಅಂಗಿ ಬಿಟ್ಟು ತುಂಡುಪಂಚೆಗೆ ಇಳಿದರು. ಬಡವರಂತೆ ಉಡುವುದು ಅವರಿಗೆ ಗೌರವವಾಗಿತ್ತು. 1931ರಲ್ಲಿ ಲಂಡನ್ನಿನ ಅರಮನೆಗೂ ಅದೇ ವೇಷದಲ್ಲಿ ಹೋದರು. ಅಂಬೇಡ್ಕರ್ ಸೂಟು ಬೂಟು ತೊಟ್ಟರು. ಒಳ್ಳೆಯ ಬಟ್ಟೆ ತೊಡುವುದೇ ಅಪರಾಧವೆನಿಸಿದ್ದ ಜನರಿಗೆ ಅದು ಗೌರವವಾಗಿತ್ತು. ಒಬ್ಬರು ಬಟ್ಟೆ ಬಿಟ್ಟು, ಇನ್ನೊಬ್ಬರು ಬಟ್ಟೆ ತೊಟ್ಟು ಹೇಳಿದ್ದು ಘನತೆಯ ಮಾತನ್ನೇ.

ಬೇಲೂರು ಪ್ರವಾಸದಲ್ಲಿ ಮದನಿಕೆಯರನ್ನು ನೋಡಿ ಮಕ್ಕಳು ಮುಸಿಮುಸಿ ನಗುವುದನ್ನು ಎಲ್ಲ ಶಿಕ್ಷಕರೂ ಬಲ್ಲರು. ಒಂದು ಚೀಟಿಯಲ್ಲಿ ಆ ಪ್ರಶ್ನೆಯೂ ಇತ್ತು. ಹೊಯ್ಸಳರ ಕಾಲದ ಹೆಂಗಸರು ಹೀಗೆಯೇ ಇದ್ದರು ಎಂದು ಉತ್ತರಿಸುವುದು ಅವಸರ. ಶಿಲ್ಪಕ್ಕೆ ಅದರದೇ ಸಂಪ್ರದಾಯ, ಲಕ್ಷಣಗಳಿವೆ. ಅದು ಆ ಕಾಲದ ಫೋಟೋ ಅಲ್ಲ. ಆದರೆ ದೇವಾಲಯದ ಗೋಡೆಗೆ ಅಂಥ ರೂಪ ಸಲ್ಲುತ್ತದೆ ಎಂದು ಆ ಸಮಾಜ ಒಪ್ಪಿತ್ತು ಎಂಬಷ್ಟನ್ನು ಧೈರ್ಯವಾಗಿ ಹೇಳಬಹುದು. ಆಧಾರ ಎಷ್ಟು ಹೇಳುತ್ತದೋ ಅಷ್ಟೇ ಹೇಳುವುದು ಇತಿಹಾಸದ ಶಿಸ್ತು. ಚೇರ್ತಲದ ನಂಗೇಲಿಯ ಕಥೆಯನ್ನೂ ಒಬ್ಬ ಮೊಬೈಲಿನಲ್ಲಿ ನೋಡಿ ಬಂದಿದ್ದ. ಅದು ಆ ಊರಿನ ಜನಶ್ರುತಿ, 1829 ಮತ್ತು 1859ರ ಘೋಷಣೆಗಳು ಸರ್ಕಾರಿ ದಾಖಲೆ ಎಂದು ಎರಡು ಕಾಲಂ ಮಾಡಿ ಬರೆದೆವು. ಜನಶ್ರುತಿಯನ್ನು ಸುಳ್ಳೆಂದು ತಳ್ಳಲಿಲ್ಲ. ಜನ ಯಾವ ನೋವನ್ನು ನೆನಪಿಟ್ಟುಕೊಂಡಿದ್ದಾರೆ ಎಂಬುದಕ್ಕೆ ಅದು ಸಾಕ್ಷಿ.

ಮೌಲ್ಯಮಾಪನ ಮತ್ತು ಸೂಚನೆಗಳು

ಕೊನೆಗೆ ಕಪ್ಪುಹಲಗೆಯಲ್ಲಿ ನಾಲ್ಕು ಕಾಲಂಗಳ ಕೋಷ್ಟಕ: ಎಲ್ಲಿ ಮತ್ತು ಯಾವಾಗ, ನಿಯಮ ಏನು, ಮಾಡಿದವರು ಯಾರು, ಬೆಲೆ ತೆತ್ತವರು ಯಾರು. ಗುಂಪುಗಳಲ್ಲಿ ತುಂಬಿದರು. ಮನೆಗೆಲಸವಾಗಿ, ಮನೆಯ ಹಿರಿಯರೊಬ್ಬರನ್ನು ಅವರ ಬಾಲ್ಯದ ಉಡುಪಿನ ಬಗ್ಗೆ ಐದು ಪ್ರಶ್ನೆ ಕೇಳಿ ಬರೆದು ತರಲು ಹೇಳಿದೆ. ಹೇಳಲು ಇಷ್ಟವಿಲ್ಲದವರನ್ನು ಒತ್ತಾಯಿಸಬಾರದು ಎಂಬ ಷರತ್ತಿನೊಂದಿಗೆ.

ಪ್ರಶಿಕ್ಷಣಾರ್ಥಿಗಳಿಗೆ ಮೂರು ಮಾತು. ಮೊದಲನೆಯದು, ಪಾಠಕ್ಕೆ ಮುನ್ನ ಶಾಲೆಯ ಮುಖ್ಯ ಶಿಕ್ಷಕರಿಗೆ ಪಾಠಯೋಜನೆ ತೋರಿಸಿ ಒಪ್ಪಿಗೆ ಪಡೆಯಿರಿ. ಈ ವಿಷಯಕ್ಕೆ ಆಕ್ಷೇಪಗಳು ಹೊಸವಲ್ಲ. ಎನ್‌ಸಿಇಆರ್‌ಟಿಯ ಒಂಬತ್ತನೆಯ ತರಗತಿಯ ಇತಿಹಾಸ ಪುಸ್ತಕದಲ್ಲಿ ಉಡುಪಿನ ಸಾಮಾಜಿಕ ಇತಿಹಾಸದ ಅಧ್ಯಾಯವಿತ್ತು. ತಿರುವಾಂಕೂರಿನ ಭಾಗದಿಂದ ಪರೀಕ್ಷೆಗೆ ಪ್ರಶ್ನೆ ಕೇಳಬಾರದೆಂದು ಸಿಬಿಎಸ್‌ಇ 2016ರಲ್ಲಿ ಸುತ್ತೋಲೆ ಕಳಿಸಿತು. 2019ರಲ್ಲಿ ಪಠ್ಯಭಾರ ಇಳಿಸುವಾಗ ಇಡೀ ಅಧ್ಯಾಯವೇ ಹೋಯಿತು. ಎರಡನೆಯದು, ಸಮುದಾಯಗಳ ಹೆಸರು ಬರುವಾಗ ಇಂದಿನ ಗೌರವದ ಹೆಸರನ್ನೇ ಬಳಸಿ, ಹಳೆಯ ಹೆಸರು ದಾಖಲೆಯ ಸಂದರ್ಭಕ್ಕೆ ಮಾತ್ರ. ಮೂರನೆಯದು, ಇಂದಿನ ಉಡುಪಿನ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಅದನ್ನು ಸಿಬ್ಬಂದಿ ಕೊಠಡಿಯಲ್ಲೇ ಬಿಟ್ಟು ಬನ್ನಿ.

ಮುಚ್ಚಿಕೊಳ್ಳುವ ಹಕ್ಕಿಗಾಗಿ ನಾಡಾರ್ ಸ್ತ್ರೀಯರು ಪೆಟ್ಟು ತಿಂದರು; ರವಿಕೆಯಿಲ್ಲದ ತಮ್ಮ ಉಡುಗೆಯಲ್ಲೇ ತುಳಸಿ ಗೌಡರು ರಾಷ್ಟ್ರಪತಿಗಳ ಮುಂದೆ ನಿಂತರು. ಬಟ್ಟೆಯ ಅಳತೆ ನೋಡಿದರೆ ಇವೆರಡೂ ವಿರುದ್ಧ. ಇಬ್ಬರದೂ ತಮ್ಮ ಮೈಮೇಲಿನ ಬಟ್ಟೆಯನ್ನು ತಾವೇ ನಿರ್ಧರಿಸಿದ ಘನತೆ ಎಂದು ಒಂಬತ್ತನೆಯ ತರಗತಿಯ ಮಕ್ಕಳು ಕೋಷ್ಟಕ ತುಂಬುವಾಗ ಗುರುತಿಸಿದರು. ಮುಂದಿನ ಬೋಧನಾಭ್ಯಾಸದ ಸುತ್ತಿನಲ್ಲಿ ಈ ಪಾಠ ತೆಗೆದುಕೊಳ್ಳುವವರು ತಮ್ಮ ತರಗತಿಯ ಚೀಟಿಗಳನ್ನು ಕಾಪಿಟ್ಟು ತಂದರೆ, ವಿಮರ್ಶಾ ಸಭೆಯಲ್ಲಿ ಅವುಗಳ ಮೇಲೆಯೇ ಚರ್ಚಿಸೋಣ.